‘ಸಾಕು’ ಎಂದಾಗ ಅತ್ತವರು

ಫುಟ್‌ಬಾಲ್ ಎಂಬ ಮಾತು ಕಣ್ಣಿಗೆ ಬಿದ್ದ ಕೂಡಲೇ ಪುಟ ಮಗುಚಿ ಉಪ್ಪಿನಕಾಯಿಯ ಕಡೆಗೆ ಹೊರಟಿರಾ? ಒಂದು ನಿಮಿಷ ನಿಲ್ಲಿ, ಸೋದರಿಯರೇ! ಆಟದ ನಿಯಮದ ಪಾಠ ಹೇಳೋದಕ್ಕೆ ನಾನು ಕೂತಿಲ್ಲ. ಒಬ್ಬ ಆಟಗಾರ ‘ಇನ್ನು ಸಾಕು’ ಎಂದಾಗ ಮನೆಯಲ್ಲಿ ಯಾರು ಅತ್ತರು, ಮೈದಾನದಲ್ಲಿ ಯಾರು ಅತ್ತರು, ಅತ್ತವರೆಲ್ಲ ಅದಕ್ಕೆ ಮುಂಚೆ ಎಲ್ಲಿದ್ದರು ಎಂಬ ಸಮಾಚಾರ ಇದು. ಅಳುವಿನ ವಿಷಯದಲ್ಲಿ ನಮಗಿಂತ ತಿಳಿದವರು ಯಾರಿದ್ದಾರೆ, ಹೇಳಿ!

ಆಟಗಾರನ ಹೆಸರು ಸುನಿಲ್ ಛೆಟ್ರಿ. ನಿಮ್ಮ ಮನೆಯ ಹುಡುಗರನ್ನು ಕೇಳಿದರೆ ಗೊತ್ತಿರುತ್ತೆ. ೨೦೦೫ರಲ್ಲಿ ಪಾಕಿಸ್ತಾನದ ಕ್ವೆಟ್ಟಾದಲ್ಲಿ ಭಾರತದ ಪರವಾಗಿ ಮೊದಲ ಪಂದ್ಯ ಆಡಿ, ಮೊದಲ ದಿನವೇ ಗೋಲು ಹೊಡೆದವರು. ೨೦೧೩ರಲ್ಲಿ ಬೆಂಗಳೂರು ಎಫ್.ಸಿ. ತಂಡ ಹುಟ್ಟಿದಾಗಲೇ ಅಲ್ಲಿಗೆ ಬಂದು ನಮ್ಮ ರಾಜ್ಯದ ಹುಡುಗರಿಗೆಲ್ಲ ಮನೆಯವರಂತೆ ಆಗಿಬಿಟ್ಟವರು. ೨೦೨೪ರ ಹೊತ್ತಿಗೆ ದೇಶಕ್ಕಾಗಿ ೯೪ ಗೋಲು ಹೊಡೆದಿದ್ದರು. ಆಗ ಇನ್ನೂ ಆಡುತ್ತಿದ್ದವರಲ್ಲಿ ತಮ್ಮ ದೇಶಕ್ಕೆ ಅದಕ್ಕಿಂತ ಹೆಚ್ಚು ಗೋಲು ತಂದವರು ಇಡೀ ಪ್ರಪಂಚದಲ್ಲಿ ಇಬ್ಬರೇ, ರೊನಾಲ್ಡೊ ಮತ್ತು ಮೆಸ್ಸಿ. ಅವರಿಬ್ಬರ ಹೆಸರು ಫುಟ್‌ಬಾಲ್ ಗೊತ್ತಿಲ್ಲದವರಿಗೂ ಗೊತ್ತು. ನಮ್ಮವರ ಹೆಸರು ಎಷ್ಟು ಮನೆಗಳಲ್ಲಿ ಗೊತ್ತು?

೨೦೨೪ರ ಮೇ ೧೬ರಂದು ಛೆಟ್ರಿ ಒಂದು ವಿಡಿಯೋ ಮಾಡಿ, ಜೂನ್ ೬ರಂದು ಕೋಲ್ಕತ್ತಾದಲ್ಲಿ ಕುವೈತ್ ಎದುರು ಆಡುವುದೇ ದೇಶಕ್ಕಾಗಿ ತಮ್ಮ ಕೊನೆಯ ಪಂದ್ಯ ಎಂದು ತಿಳಿಸಿದರು. ಆಗ ಅವರಿಗೆ ೩೯ ವರ್ಷ. ದೊಡ್ಡ ಭಾಷಣವೇನೂ ಇಲ್ಲ, ಜಗಲಿಯ ಮೇಲೆ ಕೂತು ಮಾತಾಡಿದ ಹಾಗಿತ್ತು. ದೇಶದ ಅಂಗಿ ಮೊಟ್ಟಮೊದಲು ಕೈಗೆ ಸಿಕ್ಕಿದಾಗ ಅದರ ಮೇಲೆ ಸೆಂಟು ಸುರಿದುಕೊಂಡಿದ್ದನ್ನು ನೆನೆಸಿಕೊಂಡರು. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ ಎಂದರು. (ಹೊಸ ಸೀರೆಯ ಮಡಿಕೆಯ ನಡುವೆ ಮಲ್ಲಿಗೆ ಮೊಗ್ಗು ಇಡುವ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.)

ನನ್ನ ಮನಸ್ಸಿನಲ್ಲಿ ಉಳಿದದ್ದು ಅದೇ ವಿಡಿಯೋದ ಇನ್ನೊಂದು ಮಾತು. ಈ ನಿರ್ಧಾರವನ್ನು ಅವರು ಮೊದಲು ಹೇಳಿದ್ದು ತಂದೆ, ತಾಯಿ ಮತ್ತು ಹೆಂಡತಿಗೆ. ತಂದೆ ಎಂದಿನ ಹಾಗೇ ಇದ್ದರು, ನಿರಾಳವಾದರು, ಸಂತೋಷವನ್ನೂ ಪಟ್ಟರು. ತಾಯಿ ಮತ್ತು ಹೆಂಡತಿ ಮಾತ್ರ ಅತ್ತೇ ಬಿಟ್ಟರು! ಪಂದ್ಯಗಳು ಬಹಳವಾದವು, ನೋಡುತ್ತ ಕೂತರೆ ನಮಗೇ ತಡೆಯೋದಕ್ಕಾಗೋಲ್ಲ ಎಂದು ಗೊಣಗುತ್ತಿದ್ದವರು ಇವರೇ. ಈಗ ಆಡೋಲ್ಲ ಎಂದರೆ ಯಾಕೆ ಅಳುತ್ತೀರಿ ಎಂದು ಕೇಳಿದರೆ ಇಬ್ಬರಿಗೂ ಕಾರಣ ಹೇಳಲಾಗಲಿಲ್ಲವಂತೆ.

ನಮ್ಮಲ್ಲೂ ಆಗುವುದು ಇದೇ ತಾನೇ? ಮೂವತ್ತು ವರ್ಷ ಬೆಳಗಿನ ಬಸ್ಸಿಗೆ ಓಡಿದ ಯಜಮಾನರ ಡಬ್ಬಿ ಕಟ್ಟಿ ಕಟ್ಟಿ ಬೇಸತ್ತವಳು, ‘ಇದಕ್ಕೊಂದು ಕೊನೆ ಇಲ್ಲವೇ’ ಎಂದು ದಿನಾ ಹೇಳಿಕೊಂಡವಳು, ಅವರು ಹಾರ ಹಾಕಿಸಿಕೊಂಡು ಮನೆಗೆ ಬಂದ ಮರುದಿನ ಏಳು ಗಂಟೆಗೆ ಆ ಡಬ್ಬಿ ಕಟ್ಟೆಯ ಮೇಲೆ ಬೋರಲು ಬಿದ್ದದ್ದು ಕಂಡು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಕೇಳಿ ನೋಡಿ, ಅವಳೂ ಕಾರಣ ಹೇಳಲಾರಳು.

ಛೆಟ್ರಿಯವರ ಮನೆಯ ಹೆಣ್ಣುಮಕ್ಕಳ ವಿಷಯ ಕೇಳಿದರೆ ಆ ಕಣ್ಣೀರು ಇನ್ನಷ್ಟು ಅರ್ಥವಾಗುತ್ತೆ. ತಂದೆ ಸೈನ್ಯದಲ್ಲಿದ್ದವರು. ತಾಯಿ ಸುಶೀಲಾ ನೇಪಾಳದ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಆಡಿದ್ದವರು. ಅವರ ಅವಳಿ ಸೋದರಿಯೂ ಅದೇ ತಂಡದಲ್ಲಿ ಆಡಿದ್ದರು! ಇನ್ನು ಹೆಂಡತಿ ಸೋನಮ್, ಕೋಲ್ಕತ್ತಾದ ಹೆಸರಾಂತ ಆಟಗಾರ ಸುಬ್ರತ ಭಟ್ಟಾಚಾರ್ಯರ ಮಗಳು. ಛೆಟ್ರಿ ೨೦೦೨ರಲ್ಲಿ ಮೋಹನ್ ಬಾಗಾನ್ ಕ್ಲಬ್ಬು ಸೇರಿದಾಗ ಭಟ್ಟಾಚಾರ್ಯರೇ ಅವರ ಗುರು. ಗುರುವಿನ ಮಗಳು ತಂದೆಯ ಫೋನಿನಿಂದ ಈ ಹುಡುಗನ ನಂಬರು ಗುಟ್ಟಾಗಿ ತೆಗೆದುಕೊಂಡು, ತಾನು ಯಾರೆಂದು ಹೇಳದೆಯೇ ಸಂದೇಶ ಕಳಿಸಿದಳಂತೆ. ಹುಡುಗಿ ಗುರುಗಳ ಮಗಳೆಂದು ಗೊತ್ತಾದ ದಿನ ಹುಡುಗನಿಗೆ ಎದೆ ಒಡೆದುಹೋಯಿತಂತೆ. ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ, ನಾನು ಕಟ್ಟಿದ್ದಲ್ಲ. ಬಹಳ ವರ್ಷ ಕಾದು, ೨೦೧೭ರ ಡಿಸೆಂಬರಿನಲ್ಲಿ ಮದುವೆಯಾಯಿತು. ೨೦೨೩ರ ಜೂನ್‌ನಲ್ಲಿ ಭುವನೇಶ್ವರದಲ್ಲಿ ಗೋಲು ಹೊಡೆದ ಛೆಟ್ರಿ ಚೆಂಡನ್ನು ಅಂಗಿಯೊಳಗೆ ತುರುಕಿಕೊಂಡು, ಹೊಟ್ಟೆ ತೋರಿಸಿ, ಹೆಂಡತಿ ಬಸುರಿ ಎಂಬ ಸುದ್ದಿಯನ್ನು ಇಡೀ ದೇಶಕ್ಕೆ ಸಾರಿದರು. ನಮ್ಮ ಕಾಲದಲ್ಲಿ ಅತ್ತೆಗೆ ಹೇಳೋದಕ್ಕೇ ನಾಚಿಕೆಯಾಗುತ್ತಿತ್ತು!

ಮನೆಯವರ ಮಾತು ಹೀಗಾಯಿತು. ಅಭಿಮಾನಿಗಳ ಲೆಕ್ಕ ಬೇರೆ.

೨೦೧೮ರ ಜೂನ್ ೧. ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆ ಎದುರು ಐದು ಗೋಲಿನಿಂದ ಗೆದ್ದಿತು, ಅದರಲ್ಲಿ ಮೂರು ಛೆಟ್ರಿಯವು. ನೋಡೋದಕ್ಕೆ ಬಂದಿದ್ದವರು ಎಷ್ಟು ಜನ ಗೊತ್ತೇ? ೨,೫೬೯. ಮುಂಬಯಿಯಂಥ ಊರಿನಲ್ಲಿ! ನಮ್ಮ ಕಡೆ ತಾಲ್ಲೂಕು ಊರಿನ ಒಂದು ತೇರಿಗೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಮರುದಿನ ಛೆಟ್ರಿ ಕೈಮುಗಿದು ಒಂದು ವಿಡಿಯೋ ಮಾಡಿದರು: ಬನ್ನಿ, ಆಟ ಚೆನ್ನಾಗಿಲ್ಲದಿದ್ದರೆ ಬೈಯಿರಿ, ಆದರೆ ಮನೆಯಲ್ಲಿ ಕೂತು ಬೈಯಬೇಡಿ, ಮೈದಾನಕ್ಕೆ ಬಂದು ಬೈಯಿರಿ ಎಂಬ ಧಾಟಿಯಲ್ಲಿ. ಜೂನ್ ೪ರಂದು ಕೀನ್ಯಾ ಎದುರಿನ ಪಂದ್ಯಕ್ಕೆ ಟಿಕೆಟ್ ಎಲ್ಲಾ ಖರ್ಚು. ಅದು ಛೆಟ್ರಿಯವರಿಗೆ ದೇಶದ ಪರ ನೂರನೆಯ ಪಂದ್ಯ. ಸುರಿಯುವ ಮಳೆಯಲ್ಲಿ ಎರಡು ಗೋಲು ಹೊಡೆದರು, ಜನ ನೆನೆಯುತ್ತಲೇ ಕೂಗಿದರು.

ಒಳ್ಳೆಯದೇ. ಆದರೂ ನನಗೆ ಒಂದು ಮುಳ್ಳು ಚುಚ್ಚುತ್ತದೆ. ನೂರು ಪಂದ್ಯ ಆಡಿದ ಮನುಷ್ಯ ‘ನನ್ನ ಆಟ ನೋಡಲು ಬನ್ನಿ’ ಎಂದು ಕೈಮುಗಿಯಬೇಕೇ? ಅಡುಗೆ ಮಾಡಿದವಳು ಮನೆಮಂದಿಯ ಮುಂದೆ ಬೇಡಿಕೊಳ್ಳಬೇಕಾದರೆ ಆ ಊಟದ ರುಚಿ ಎಲ್ಲಿ ಉಳಿಯಿತು? ಬೆಂಗಳೂರಿನ ಅಭಿಮಾನಿಗಳ ಮೇಲೆ ಈ ದೂರು ಹೊರಿಸುವ ಹಾಗಿಲ್ಲ. ಅಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದೊಂದು ಅಭಿಮಾನಿಗಳ ಗುಂಪುಂಟು. ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟು, ಆಟ ಮುಗಿಯುವ ತನಕ ನಿಂತೇ ಹಾಡುವ ಹುಡುಗರು, ಹುಡುಗಿಯರು. ೨೦೨೩ರ ಜುಲೈ ೪ರಂದು ಅದೇ ಮೈದಾನದಲ್ಲಿ ಭಾರತ ತಂಡ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಕಪ್ ಗೆದ್ದಾಗ ಇಡೀ ಕ್ರೀಡಾಂಗಣವೇ ‘ವಂದೇ ಮಾತರಂ’ ಹಾಡಿತು. ಅದನ್ನು ಟಿ.ವಿ.ಯಲ್ಲಿ ಕೇಳಿದವರಿಗೆ ಮೈ ಜುಮ್ಮೆಂದಿರಬೇಕು.

ಈಗ ಆ ದಿನಕ್ಕೆ ಬರೋಣ. ೨೦೨೪ರ ಜೂನ್ ೬, ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣ. ಛೆಟ್ರಿಗೆ ಅದು ಕಸಬು ಕಲಿತ ಊರು, ಮಾವನ ಮನೆಯ ಊರೂ ಹೌದು. ಆ ಊರಿನ ಫುಟ್‌ಬಾಲ್ ಹುಚ್ಚು ನಮ್ಮ ಅಡುಗೆಮನೆಯ ವಿಷಯವೂ ಆಗುತ್ತೆ ನೋಡಿ: ಮೋಹನ್ ಬಾಗಾನ್ ಗೆದ್ದರೆ ಅವರ ಕಡೆಯ ಮನೆಗಳಲ್ಲಿ ಸೀಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಆ ಕಡೆಯವರ ಮನೆಗಳಲ್ಲಿ ಹಿಲ್ಸಾ ಮೀನು. ಒಬ್ಬರ ಹಬ್ಬದ ದಿನ ಇನ್ನೊಬ್ಬರ ಮನೆಯಲ್ಲಿ ಗಂಜಿ ಎಂದರೂ ತಪ್ಪಿಲ್ಲ. (ಮೀನು ಮುಟ್ಟದ ಸೋದರಿಯರು ಮನ್ನಿಸಬೇಕು.) ಛೆಟ್ರಿ ಎರಡೂ ಕ್ಲಬ್ಬುಗಳಿಗೆ ಆಡಿದ್ದವರು. ಹಾಗಾಗಿ ಅಂದು ಸೀಗಡಿಯವರು, ಹಿಲ್ಸಾದವರು ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕೂತರು. ಸುಮಾರು ೫೯,೦೦೦ ಜನ! ತಂದೆ, ತಾಯಿ, ಹೆಂಡತಿ ಕೂಡ ಅಲ್ಲೇ ಇದ್ದರು.

ಗೆದ್ದಿದ್ದರೆ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿನ ಬಾಗಿಲು ಭಾರತಕ್ಕೆ ಮುಕ್ಕಾಲು ತೆರೆಯುತ್ತಿತ್ತು. ಸಿನಿಮಾ ಆಗಿದ್ದರೆ ಕೊನೆಯ ನಿಮಿಷದಲ್ಲಿ ನಾಯಕನ ಕಾಲಿನಿಂದ ಗೋಲು ಬಂದೇ ಬರುತ್ತಿತ್ತು. ಬರಲಿಲ್ಲ. ಎರಡು ಕಡೆಯೂ ಸೊನ್ನೆ. ಸಪ್ಪೆ ಆಟ ಎಂದು ಎದ್ದು ಹೋಗಬಹುದಿತ್ತು, ಜನ ಹೋಗಲಿಲ್ಲ. ಛೆಟ್ರಿ ಕೈಜೋಡಿಸಿಕೊಂಡು ಮೈದಾನದ ಸುತ್ತ ನಡೆದರು. ಜೊತೆಯ ಆಟಗಾರರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು, ಅವುಗಳ ನಡುವೆ ಹಾದುಹೋಗುವಾಗ ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಇಳಿದೇ ಇಳಿಯಿತು. ಮೇಲೆ ಕೂತಿದ್ದ ಮೀಸೆ ಹೊತ್ತ ಗಂಡಸರೂ ಕಣ್ಣೊರೆಸಿಕೊಂಡರು. ‘ಹೆಂಗಸರ ಹಾಗೆ ಅಳಬೇಡ’ ಎಂದು ಅಂದು ಅಲ್ಲಿ ಯಾರೂ ಯಾರಿಗೂ ಹೇಳಿದ ಹಾಗೆ ಕಾಣಲಿಲ್ಲ!

೨,೫೬೯ ಎಲ್ಲಿ, ೫೯,೦೦೦ ಎಲ್ಲಿ. ಊರು ಬೇರೆ, ಮೈದಾನ ಬೇರೆ, ಒಪ್ಪಿದೆ. ಆದರೂ ಕೊಡುವವನು ಕೊಡುತ್ತಲೇ ಇದ್ದಾಗ ಖಾಲಿ ಇದ್ದ ಕುರ್ಚಿಗಳು, ಹೊರಡುತ್ತೇನೆ ಎಂದಾಗ ತುಂಬಿದವಲ್ಲ ಎಂದು ನನಗೆ ಅನ್ನಿಸದೆ ಇರಲಿಲ್ಲ.

ಆಮೇಲೇನಾಯಿತು? ಐದು ದಿನಕ್ಕೆ ದೋಹಾದಲ್ಲಿ ಕತಾರ್ ಎದುರು ಭಾರತ ೧-೨ರಿಂದ ಸೋತಿತು, ವಿಶ್ವಕಪ್ಪಿನ ಆಸೆ ಮುಗಿಯಿತು. ೨೦೨೪ರಲ್ಲಿ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಗೋಲು ಹೊಡೆಯುವವರೇ ಇಲ್ಲ. ಯಾಕೆ ಇಲ್ಲ ಎಂಬುದಕ್ಕೆ ಬಲ್ಲವರು ಕೊಡುವ ಕಾರಣ ನಮಗೂ ಅರ್ಥವಾಗುವಂಥದೇ: ನಮ್ಮ ದೊಡ್ಡ ಕ್ಲಬ್ಬುಗಳು ಗೋಲು ಹೊಡೆಯುವ ಜಾಗಕ್ಕೆ ಪರದೇಶದವರನ್ನು ದುಡ್ಡು ಕೊಟ್ಟು ತರುತ್ತವೆ, ನಮ್ಮ ಹುಡುಗರು ಬದಿಯಲ್ಲಿ ಕೂರುತ್ತಾರೆ. ಹಬ್ಬದ ಹೋಳಿಗೆ ಪ್ರತಿ ವರ್ಷ ಅಂಗಡಿಯಿಂದ ತಂದರೆ ಮನೆಯ ಮಗಳಿಗೆ ಕಣಕ ಹದ ಮಾಡೋದು ಯಾವಾಗ ಬರಬೇಕು?

ಹೀಗಾಗಿ ೨೦೨೫ರ ಮಾರ್ಚಿಯಲ್ಲಿ ಛೆಟ್ರಿಯನ್ನೇ ವಾಪಸು ಕರೆದರು. ಬೆಂಗಳೂರು ತಂಡಕ್ಕೆ ಆಡುವುದನ್ನು ಅವರು ಬಿಟ್ಟಿರಲಿಲ್ಲ, ಆ ಸಾಲಿನಲ್ಲಿ ಭಾರತೀಯರ ಪೈಕಿ ಎಲ್ಲರಿಗಿಂತ ಹೆಚ್ಚು ಗೋಲು ಅವರದೇ. ಶಿಲ್ಲಾಂಗಿನಲ್ಲಿ ಮಾರ್ಚಿ ೧೯ರಂದು ಮಾಲ್ಡೀವ್ಸ್ ಎದುರು ಭಾರತ ೩-೦ಯಿಂದ ಗೆದ್ದಿತು, ಒಂದು ಗೋಲು ನಲವತ್ತು ದಾಟಿದ ಛೆಟ್ರಿಯದು. ಕೆಲವು ಅಭಿಮಾನಿಗಳು ಕುಣಿದರು. ಕೆಲವರು ಮುಖ ಸಿಂಡರಿಸಿದರು: ಹಾಗಾದರೆ ನಾವು ಕೋಲ್ಕತ್ತಾದಲ್ಲಿ ಅತ್ತದ್ದು ಯಾತಕ್ಕೆ?

ಅಯ್ಯೋ, ಇದೇನು ಮಾತು! ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬೀದಿಯವರೆಲ್ಲ ಕೇಳುವ ಹಾಗೆ ಅಳುತ್ತೇವೆ. ಆಷಾಢ ಬಂದರೆ ಅವಳು ಬಸ್ಸಿಳಿದು ಬರುತ್ತಾಳೆ. ಅಂದು ಅತ್ತದ್ದು ದಂಡವಾಯಿತು ಎಂದು ಯಾವ ತಾಯಿಯಾದರೂ ಹೇಳಿದ್ದುಂಟೇ? ನನ್ನ ತಕರಾರು ಬಂದದ್ದಕ್ಕಲ್ಲ, ಕರೆದ ರೀತಿಗೆ. ತವರಿಗೆ ಬಂದ ಮಗಳಿಗೆ ಎಣ್ಣೆ ನೀರು ಹಾಕುವ ಬದಲು ಸೀದಾ ಒಲೆಯ ಮುಂದೆ ನಿಲ್ಲಿಸಿದ ಹಾಗಾಯಿತು. ನಲವತ್ತರ ಮೊಣಕಾಲಿನ ಮೇಲೆ ಇಡೀ ದೇಶದ ಭಾರ!

ಅದೂ ಕೈಗೂಡಲಿಲ್ಲ. ೨೦೨೫ರ ಅಕ್ಟೋಬರ್ ೧೪ರಂದು ಗೋವೆಯಲ್ಲಿ ಸಿಂಗಪುರದ ಎದುರು ೧-೨ರಿಂದ ಸೋತು ಏಷ್ಯಾ ಕಪ್ಪಿನ ದಾರಿಯೂ ಮುಚ್ಚಿತು. ವರ್ಷ ಮುಗಿಯುವ ಮೊದಲೇ ಛೆಟ್ರಿ ದೇಶದ ತಂಡಕ್ಕೆ ಇನ್ನೊಮ್ಮೆ ‘ಸಾಕು’ ಎಂದರು. ಈ ಸಲ ಸಾಲ್ಟ್ ಲೇಕ್ ಇಲ್ಲ, ಎರಡು ಸಾಲಿನ ಚಪ್ಪಾಳೆಯೂ ಇಲ್ಲ. ನಮ್ಮ ಬೀದಿಯಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬನಿದ್ದಾನೆ. ಕಂಠೀರವದಲ್ಲಿ ಪಂದ್ಯವಿದ್ದರೆ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಹಿಡಿದು ಮಧ್ಯಾಹ್ನದ ಬಸ್ಸು ಹತ್ತಿ, ಬೆಳಗಿನ ಜಾವ ಗಂಟಲು ಕಟ್ಟಿಸಿಕೊಂಡು ವಾಪಸು ಬರುವವನು. ಅವನ ಹತ್ತಿರ ಹನ್ನೊಂದನೇ ನಂಬರಿನ ಒಂದು ನೀಲಿ ಅಂಗಿಯಿದೆ, ಒಗೆದು ಒಗೆದು ನಂಬರು ಅರ್ಧ ಉದುರಿಹೋಗಿದೆ. ಆ ಸುದ್ದಿ ಬಂದ ವಾರ ಅವರಮ್ಮ, ‘ಹೇಗೂ ಆಟ ಬಿಟ್ಟರಲ್ಲ, ಇದನ್ನು ಒರೆಸುವ ಬಟ್ಟೆ ಮಾಡಿಕೊಳ್ಳಲೇನೋ?’ ಎಂದು ಕೇಳಿದರಂತೆ. ಹುಡುಗ ಎರಡು ದಿನ ತಾಯಿಯ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಅದನ್ನು ಇಸ್ತ್ರಿ ಮಾಡಿ, ಮಡಿಸಿ, ತಮ್ಮ ರೇಷ್ಮೆ ಸೀರೆಗಳ ಕೆಳಗೆ ಇಟ್ಟರಂತೆ.