ಸರ್ವಿಸ್ ಮುಗಿದ ಮರುದಿನ ಎಲ್ಲಿಗೆ ಹೋಗಬೇಕು?

ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ರಬ್ಬರ್ ಕಾಲೊನಿ ನಿವಾಸಿಗಳಿಗೆ ಮತ್ತು ಊರಿನ ಸಮಸ್ತರಿಗೆ



ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ದುಡಿಯುವವರಿಗೆ ಮನೆ ಇದೆ. ದುಡಿದು ಮುಗಿಸಿದವರಿಗೆ ಇಲ್ಲ. ಕ್ವಾರ್ಟರ್ಸ್ ಕೊಟ್ಟದ್ದು ಕೆಲಸಕ್ಕೆ, ಕೆಲಸ ಹೋದರೆ ಮನೆಯನ್ನೂ ಬಿಡಬೇಕು ಎಂಬುದು ಲೆಕ್ಕ. ಮಗ ಅಥವಾ ಸೊಸೆ ಅದೇ ತೋಟದಲ್ಲಿ ಕೆಲಸಕ್ಕಿದ್ದರೆ ಮುದುಕರು ಅವರ ಹೆಸರಿನಲ್ಲಿ ಉಳಿಯುತ್ತಾರೆ. ಮಕ್ಕಳು ಬೆಂಗಳೂರಿಗೋ ತಿರುಪ್ಪೂರಿಗೋ ಹೋಗಿದ್ದರೆ? ಈ ಪ್ರಶ್ನೆಗೆ ಐವತ್ತು ವರ್ಷದಲ್ಲಿ ಯಾವ ಸರಕಾರವೂ ನೇರವಾಗಿ ಉತ್ತರ ಕೊಟ್ಟಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಕೇಳೋಣ, ಬಾಯಿಮಾತಿನಲ್ಲಿ ಅಲ್ಲ, ಅರ್ಜಿ ಬರೆದು.

ಈ ಕಾಲೊನಿಯವರು ಯಾರು, ಇಲ್ಲಿಗೆ ಹೇಗೆ ಬಂದರು ಎಂಬುದು ಊರಿನ ಹೊಸ ತಲೆಮಾರಿಗೆ ಗೊತ್ತಿಲ್ಲ. ‘ಸಿಲೋನಿನವರು’ ಎಂದು ಹೇಳಿ ಮುಗಿಸುತ್ತೇವೆ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಬರಗಾಲದ ಊರುಗಳಿಂದ ಸಿಲೋನಿನ ಚಹಾ, ರಬ್ಬರ್ ತೋಟಗಳಿಗೆ ಹೋಗಿ ಲೈನ್ ಮನೆಗಳಲ್ಲಿ ಬದುಕಿದವರ ಮಕ್ಕಳು, ಮೊಮ್ಮಕ್ಕಳು ಇವರು. 1948ರಲ್ಲಿ ಅಲ್ಲಿನ ಸರಕಾರ ಪೌರತ್ವ ಕಾಯ್ದೆ ತಂದು ಲಕ್ಷಾಂತರ ಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಅರ್ಧರ್ಧ ಹಂಚಿಕೊಂಡರು. ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರಕ್ಕೆ, ಫ್ಯಾಮಿಲಿ ಕಾರ್ಡ್ ಹಿಡಿದು ಅಲ್ಲಿಂದ ಮಂಡಪಂ ಕ್ಯಾಂಪಿಗೆ, ಅಲ್ಲಿ ‘ನಿಮಗೆ ಇಂಥ ಕಡೆ ಕೆಲಸ’ ಎಂದರು. ಕೆಲವರಿಗೆ ಬಂದ ಹೆಸರು ಸುಳ್ಯ. ಅದು ಎಲ್ಲಿದೆ, ಅಲ್ಲಿ ಯಾವ ಭಾಷೆ ಆಡುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲ.

ಇದನ್ನು ದಯೆ ಎಂದು ಯಾರೂ ಹೇಳುವುದು ಬೇಡ. 1971ರಲ್ಲಿ ಹುಟ್ಟಿದ ನಿಗಮಕ್ಕೆ ರಬ್ಬರ್ ಬೆಳೆಸಲು ಗುಡ್ಡೆ ಇತ್ತು, ಮಳೆ ಇತ್ತು. ರಬ್ಬರಿನ ಕೆಲಸ ಬಲ್ಲ ಕೈಗಳು ಬೇಕಿದ್ದವು, ಕೇಂದ್ರ ಸರಕಾರಕ್ಕೆ ಹಡಗಿನಿಂದ ಇಳಿದವರನ್ನು ಎಲ್ಲಾದರೂ ನೆಲೆ ನಿಲ್ಲಿಸಬೇಕಿತ್ತು. ಎರಡೂ ಕೂಡಿ ಬಂತು. ಕಾಡು ಕಡಿದು, ಗುಡ್ಡೆಗೆ ಮೆಟ್ಟಿಲು ತೆಗೆದು, ಗುಂಡಿ ತೋಡಿ, ಸಸಿ ನೆಟ್ಟು, ಜೀಪು ಹೋಗುವ ದಾರಿ ಮಾಡಿದವರು ಇವರೇ. ಐವರ್ನಾಡು, ಮೇದಿನಡ್ಕ, ನಾಗಪಟ್ಟಣ, ಸುಬ್ರಹ್ಮಣ್ಯದ ಕಡೆಯ ತೋಟಗಳನ್ನು ಸರಕಾರದ ಯೋಜನೆ ಎನ್ನುತ್ತೇವೆ. ಸರಿ, ಆದರೆ ಕಟ್ಟಿದ ಕೈ ಯಾರದ್ದು?

ಟ್ಯಾಪಿಂಗ್ ಕೆಲಸ ಹತ್ತಿರದಿಂದ ನೋಡದವರು ಒಮ್ಮೆ ನೋಡಿ. ಬೆಳಕು ಹರಿಯುವ ಮೊದಲೇ ಹಣೆಗೆ ಲೈಟ್ ಕಟ್ಟಿಕೊಂಡು ಹೊರಡಬೇಕು, ಬಿಸಿಲೇರಿದರೆ ಹಾಲು ಬೇಗ ನಿಂತುಬಿಡುತ್ತದೆ. ಒಬ್ಬರಿಗೆ ಮುನ್ನೂರರ ಆಸುಪಾಸು ಮರ. ಹಿಂದಿನ ಗಾಯದ ಕೆಳಗೇ ಕಾಗದದಷ್ಟು ತೆಳ್ಳಗೆ ತೊಗಟೆ ಕೀಸಬೇಕು. ಕತ್ತಿ ಒಂಚೂರು ಒಳಗೆ ಹೋದರೆ ಮರಕ್ಕೆ ಗಂಟು ಬೀಳುತ್ತದೆ, ಹೊರಗೇ ಉಳಿದರೆ ಹಾಲು ಬಾರದು. ಗೆರಟೆ ತುಂಬಿದ ಮೇಲೆ ಅದೇ ಇಳಿಜಾರನ್ನು ಮತ್ತೆ ಹತ್ತಿ, ಬಕೆಟಿಗೆ ಸುರಿದು, ತೂಕಕ್ಕೆ ತರಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕಟ್ಟಿದರೂ ಇಂಬಳ ಕಾಲಿಗೆ ಹತ್ತುವುದು ತಪ್ಪುವುದಿಲ್ಲ. ಮೂವತ್ತು ವರ್ಷ ಇದನ್ನು ಮಾಡಿದವರ ಮೊಣಕಾಲು, ಸೊಂಟ ಏನಾಗುತ್ತದೆ ಎಂದು ಸುಳ್ಯದ ಯಾವ ಡಾಕ್ಟರನ್ನು ಕೇಳಿದರೂ ಹೇಳಿಯಾರು. ಆ ಮೊಣಕಾಲು ಇಟ್ಟುಕೊಂಡು ಬಾಡಿಗೆ ಮನೆ ಹುಡುಕಿ ಎನ್ನುತ್ತೇವೆ!

ಕಾನೂನು ಏನು ಹೇಳುತ್ತದೆ? 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ತೋಟದಲ್ಲಿ ವಾಸಿಸುವ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಮನೆ ಕೊಟ್ಟು, ಅದನ್ನು ಸುಸ್ಥಿತಿಯಲ್ಲಿ ಇಡುವುದು ಮಾಲೀಕರ ಹೊಣೆ ಎಂದಿತು. 1981ರ ತಿದ್ದುಪಡಿಯಲ್ಲಿ, ಕೊಟ್ಟ ಮನೆ ಕುಸಿದು ಯಾರಿಗಾದರೂ ಪೆಟ್ಟಾದರೆ ಪರಿಹಾರವನ್ನೂ ಮಾಲೀಕರೇ ಕೊಡಬೇಕು ಎಂದು ಸೇರಿಸಿದರು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಕಾರ್ಮಿಕ ಸಂಹಿತೆ ಬಂದಿದೆ. ಅದರಲ್ಲೂ ಮನೆ, ಕುಡಿಯುವ ನೀರು, ಅಡುಗೆ ಕೋಣೆ, ಶೌಚಾಲಯ ಎಂದಿದೆ. ಎಲ್ಲ ಸರಿ. ಆದರೆ ಎರಡರ ಕಣ್ಣಿಗೂ ಬೀಳುವುದು ಕೆಲಸದಲ್ಲಿ ಇರುವವರು ಮಾತ್ರ. ಹಾಜರಿ ಪುಸ್ತಕದಿಂದ ಹೆಸರು ಹೋದ ದಿನವೇ ಕಾಯ್ದೆಯಿಂದಲೂ ಹೆಸರು ಹೋಯಿತು.

ಕೆಲಸ ಇರುವ ತನಕ ಮಾತ್ರ ಮನೆ ಎಂಬ ಲೆಕ್ಕ ರಸ್ತೆ ಕೆಲಸದಲ್ಲೂ ಇದೆ. ಮಾಣಿ–ಮೈಸೂರು ಹೆದ್ದಾರಿಯ ಕೆಲಸಕ್ಕೋ ನೆಲ್ಯಾಡಿ ಕಡೆಯ ಚತುಷ್ಪಥಕ್ಕೋ ಬರುವ ಕೂಲಿಗಳಿಗೆ ಗುತ್ತಿಗೆದಾರರು ತಗಡಿನ ಶೆಡ್ ಹಾಕಿಕೊಡುತ್ತಾರೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ ಇದನ್ನು ಬರೆದಿಟ್ಟಿದ್ದರು: ಕೆಲಸ ನಡೆಯುವಷ್ಟು ದಿನ ಉಚಿತ ವಸತಿ, ಬೇರೆ ಅಡುಗೆ ಜಾಗ, ಬಚ್ಚಲು, ಕಕ್ಕಸು. ಕೆಲಸ ಮುಗಿದ ಮೇಲೆ ಶೆಡ್ ಕಿತ್ತು ಜಾಗ ಬಿಟ್ಟುಕೊಡಬೇಕು. ರಸ್ತೆಗೆ ಅದು ಹೊಂದುತ್ತದೆ, ಏಕೆಂದರೆ ರಸ್ತೆ ಒಂದು ದಿನ ಮುಗಿಯುತ್ತದೆ, ಬಂದವರು ಊರಿಗೆ ಹೋಗುತ್ತಾರೆ. ರಬ್ಬರ್ ತೋಟ ಮುಗಿಯುವುದಿಲ್ಲ. ಹಳೆ ಮರ ಕಡಿದರೆ ಹೊಸ ಸಸಿ ಬರುತ್ತದೆ. ಇಲ್ಲಿಗೆ ಬಂದವರಿಗೆ ಹಿಂದಿರುಗಲು ಊರೂ ಇಲ್ಲ, ಇಲ್ಲಿಯೇ ನೆಲೆ ಎಂದು ಎರಡು ದೇಶಗಳ ಪ್ರಧಾನಿಗಳು ಸಹಿ ಹಾಕಿ ಕರೆತಂದದ್ದು. ಇವರನ್ನು ಶೆಡ್ಡಿನ ಲೆಕ್ಕಕ್ಕೆ ಸೇರಿಸುವುದು ಯಾವ ನ್ಯಾಯ?

ಕೇಳಿದರೆ ಬರುವ ಉತ್ತರ ಒಂದೇ: ‘ಇದು ಅರಣ್ಯ ಭೂಮಿ, ಹಕ್ಕುಪತ್ರ ಕೊಡಲು ಬರುವುದಿಲ್ಲ.’ ಇದು ಸುಳ್ಳಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಅರಣ್ಯ ಜಾಗವನ್ನು ಬೇರೆ ಕೆಲಸಕ್ಕೆ ಬಿಡುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 75 ವರ್ಷದ ವಾಸ ತೋರಿಸಬೇಕು, 1970ರ ದಶಕದಲ್ಲಿ ಬಂದವರಿಗೆ ಅದು ಆಗದ ಮಾತು. ಸರಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡುವ, ಊರಿನ ಹಲವರಿಗೆ ಆಸರೆಯಾದ ಭೂಕಂದಾಯ ಕಾಯ್ದೆಯ 94ಸಿ ಕೂಡ ಅರಣ್ಯದೊಳಗಿನ ಮನೆಗೆ ಬಾರದು. ಆದ್ದರಿಂದ ‘ಇದೇ ಮನೆ ಕೊಡಿ’ ಎಂದು ಘೋಷಣೆ ಕೂಗಿ ಇನ್ನೊಂದು ಹತ್ತು ವರ್ಷ ಕಳೆಯುವ ಆಸೆ ನಮಗಿಲ್ಲ. ಅರಣ್ಯದ ಗಡಿಯ ಹೊರಗೆ ಕಂದಾಯ ಜಾಗ ಗುರುತಿಸಿ ನಿವೇಶನ ಕೊಡಿ, ಬಸವ ವಸತಿ ಅಥವಾ ಪ್ರಧಾನಮಂತ್ರಿ ಆವಾಸ್‌ನಲ್ಲಿ ಮನೆ ಕಟ್ಟಿಕೊಡಿ, ಅದು ಆಗುವ ತನಕ ನಿವೃತ್ತರನ್ನು ಕ್ವಾರ್ಟರ್ಸ್‌ನಿಂದ ಹೊರಗೆ ಹಾಕಬೇಡಿ. ನಾವು ಕೇಳುವುದು ಇಷ್ಟು.

ಆಗದ ಕೆಲಸವೇನಲ್ಲ. ಸಿಲೋನಿನಿಂದ ಬಂದವರಿಗಾಗಿಯೇ ತಮಿಳುನಾಡು ನೀಲಗಿರಿಯಲ್ಲಿ ಟಾನ್‌ಟೀ ಎಂಬ ಸರಕಾರಿ ಚಹಾ ತೋಟಗಳನ್ನು ಎಬ್ಬಿಸಿತು. ಅಲ್ಲಿಯೂ ನಿವೃತ್ತರ ಪ್ರಶ್ನೆ ಇದೇ ಆಗಿತ್ತು. 2022ರಲ್ಲಿ ಅಲ್ಲಿನ ಸರಕಾರ ಅವರಿಗೆ ಮನೆ ಕಟ್ಟಿಕೊಡಲು ಫಲಾನುಭವಿಗಳು ಕೊಡಬೇಕಾದ ಪಾಲನ್ನೂ ತಾನೇ ಭರಿಸುತ್ತೇನೆ ಎಂದು ಘೋಷಿಸಿತು. ನಮ್ಮ ಸರಕಾರಕ್ಕೆ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ.

‘ನಮಗೇ ನಿವೇಶನ ಇಲ್ಲ, ಅವರಿಗೆ ಯಾಕೆ?’ ಎಂದು ಕೇಳುವ ನೆರೆಯವರಿದ್ದಾರೆ. ನ್ಯಾಯವಾದ ಸಿಟ್ಟು. ಸಾಲು ತಪ್ಪಿಸಿ ಮುಂದೆ ಹೋಗುತ್ತೇವೆ ಎಂದು ನಾವು ಹೇಳುತ್ತಿಲ್ಲ, ಸಾಲಿನಲ್ಲಿ ನಿಲ್ಲಲು ಬಿಡಿ ಎನ್ನುತ್ತಿದ್ದೇವೆ. ಕ್ವಾರ್ಟರ್ಸ್ ಇದೆಯಲ್ಲ ಎಂಬ ಒಂದೇ ಮಾತಿಗೆ ನಿವೇಶನರಹಿತರ ಪಟ್ಟಿಯಿಂದ ಹೊರಗುಳಿದರೆ ಸರ್ವಿಸ್ ಮುಗಿದ ಮೇಲೆ ಯಾವ ಪಟ್ಟಿಯೂ ಇರುವುದಿಲ್ಲ. ಇವರ ಮಕ್ಕಳು ನಿಮ್ಮ ಮಕ್ಕಳ ಜೊತೆ ಕನ್ನಡ ಶಾಲೆಯಲ್ಲಿ ಕಲಿತವರು, ಸಂತೆಯಲ್ಲಿ ತುಳುವಿನಲ್ಲೇ ಚೌಕಾಸಿ ಮಾಡುವವರು, ಅಡಿಕೆ ಕೊಯ್ಲಿಗೆ ಜನ ಸಿಗದಾಗ ನೀವೇ ಹೇಳಿಕಳಿಸುವವರು.

ಮನೆಯ ಪ್ರಶ್ನೆಗೇ ಅಂಟಿಕೊಂಡ ಜಾತಿ ಪ್ರಮಾಣಪತ್ರದ ಕಥೆಯನ್ನು ಒಂದೇ ಮಾತಿನಲ್ಲಿ ಹೇಳುತ್ತೇವೆ: ಸುಳ್ಯ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ, ಇಲ್ಲಿ ಮತ ಹಾಕುವ ಕಾಲೊನಿಯ ಆದಿದ್ರಾವಿಡ ಕುಟುಂಬಗಳು ಅದೇ ಜಾತಿಯ ಪತ್ರಕ್ಕೆ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಾ ಬಂದಿವೆ. ವಸತಿ ಯೋಜನೆಯಲ್ಲಿ ಆ ಪತ್ರದ ಬೆಲೆ ಏನೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಎರಡೂ ಅರ್ಜಿ ಒಟ್ಟಿಗೆ ಹೋಗಲಿ.

ಈಗ ಮಾಡಬೇಕಾದ್ದು. ನಿಮ್ಮ ಪಂಚಾಯತಿನ ಗ್ರಾಮಸಭೆಯ ದಿನ ನೋಟಿಸ್ ಬೋರ್ಡಿನಲ್ಲಿ ನೋಡಿಕೊಳ್ಳಿ, ಆ ದಿನ ತೋಟಕ್ಕೆ ಅರ್ಧ ರಜೆ ಹೇಳಿ ಬನ್ನಿ. ಗಂಡಸರು ಮಾತ್ರ ಬಂದು ಮನೆಗೆ ಹೋಗಿ ಹೇಳಿದರೆ ಸಾಲದು, ಟ್ಯಾಪಿಂಗ್ ಮಾಡುವ ಹೆಂಗಸರು ಬರಲೇಬೇಕು, ಮಾತೂ ಅವರೇ ಆಡಲಿ. ಪೆಟ್ಟಿಗೆಯ ತಳದಲ್ಲಿರುವ ಮಂಡಪಂ ಕ್ಯಾಂಪಿನ ಕಾಲದ ಫ್ಯಾಮಿಲಿ ಕಾರ್ಡ್ ಎಷ್ಟು ಹರಿದಿದ್ದರೂ ತೆಗೆಯಿರಿ, ಎರಡು ಝೆರಾಕ್ಸ್ ಮಾಡಿಸಿ, ಮೂಲವನ್ನು ಯಾರ ಕೈಗೂ ಕೊಡಬೇಡಿ. ರೇಷನ್ ಕಾರ್ಡ್, ಆಧಾರ್, ಕೆಲಸಕ್ಕೆ ಸೇರಿದ ಮತ್ತು ಬಿಟ್ಟ ದಾಖಲೆ, ಮಕ್ಕಳ ಶಾಲಾ ಪತ್ರ ಜೊತೆಗಿರಲಿ. ಸಭೆಯಲ್ಲಿ ನಿಮ್ಮ ಬೇಡಿಕೆ ನಡಾವಳಿ ಪುಸ್ತಕಕ್ಕೆ ಏರಿದ್ದನ್ನು ಕಣ್ಣಾರೆ ನೋಡದೆ, ಅರ್ಜಿಗೆ ಸ್ವೀಕೃತಿ ಪಡೆಯದೆ ಏಳಬೇಡಿ. ಬರೆಯಲು ಬಾರದ ಹಿರಿಯರಿಗೆ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಹಿಂದಿನ ಭಾನುವಾರವೇ ಕಾಲೊನಿಗೆ ಬಂದು ಅರ್ಜಿ ಬರೆದುಕೊಡಲಿ. ಅಡಿಕೆ ತೋಟದ ಧಣಿಗಳೇ, ಪೇಟೆಯ ಅಂಗಡಿಯವರೇ, ರಿಕ್ಷಾದ ಅಣ್ಣಂದಿರೇ, ನೀವೂ ಅದೇ ಸಭೆಯ ಸದಸ್ಯರು. ಅರ್ಜಿ ಓದುವಾಗ ಅನುಮೋದಿಸಿ ಕೈ ಎತ್ತಿ.

— ರಬ್ಬರ್ ಕಾಲೊನಿಗಳ ನಿವಾಸಿಗಳು ಮತ್ತು ನೆರೆಯವರು, ಸುಳ್ಯ