ದಾಂಪತ್ಯಕ್ಕೆ ಪುರಾವೆ ಕೇಳುವ ವೀಸಾ

ಮದುವೆಯ ಚಪ್ಪರ ಬಿಚ್ಚುವ ಮೊದಲೇ ಮದುಮಗ ವಿಮಾನ ಹತ್ತುವುದು ನಮ್ಮ ಕರಾವಳಿಗೆ ಹೊಸತಲ್ಲ. ಕುವೈಟ್, ಬಹ್ರೇನ್ ಎಂದು ಹೋದವರು ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುತ್ತಿದ್ದರು. ಹಡಗಿನಲ್ಲಿ ದುಡಿಯುವವರ ಹೆಂಡಂದಿರು ಇಂದಿಗೂ ವರ್ಷದ ಬಹುಪಾಲು ಅತ್ತೆ ಮಾವಂದಿರ ಜೊತೆಗೇ ಇರುತ್ತಾರೆ. ಇವರ ಸಂಸಾರ ನಿಜವೋ ಸುಳ್ಳೋ ಎಂದು ಯಾರೂ ಕೇಳಿದ್ದಿಲ್ಲ. ಈಗ ನಮ್ಮ ಯುವಕ ಯುವತಿಯರು ಆಸ್ಟ್ರೇಲಿಯಾ ಸೇರಿ, ಅಲ್ಲಿಯ ಕಾಯಂ ನಿವಾಸಿಗಳಾಗಿ, ಊರಿಗೆ ಬಂದು ಮದುವೆಯಾಗಿ ಮರಳುತ್ತಿದ್ದಾರೆ. ಪ್ರಶ್ನೆ ಎದುರಾಗುವುದು ಇಲ್ಲಿಯೇ. ಇಗರ್ಜಿಯ ಕಚೇರಿಗೆ ವಿವಾಹದ ದಾಖಲೆ ಕೇಳಿಕೊಂಡು ಬರುವವರು ಈಗ ಮತ್ತೊಂದು ಮಾತನ್ನೂ ಸೇರಿಸುತ್ತಾರೆ: "ಫಾದರ್, ನಾವು ನಿಜವಾಗಿ ಗಂಡ ಹೆಂಡತಿ ಎಂದು ಒಂದು ಪತ್ರ ಬರೆದುಕೊಡಿ."

ಮೊದಲು ಕೇಳಿದಾಗ ನಮಗೆ ನಗು ಬಂದದ್ದುಂಟು. ಆದರೆ ಕಾನೂನನ್ನು ಓದಿದ ಮೇಲೆ ನಗು ಉಳಿಯಲಿಲ್ಲ.

ಆಸ್ಟ್ರೇಲಿಯಾದ 1958ರ ವಲಸೆ ಕಾಯಿದೆಯ ಪ್ರಕಾರ ಮದುವೆ ಕಾನೂನುಬದ್ಧವಾಗಿರುವುದು ಮೊದಲ ಮೆಟ್ಟಿಲು ಮಾತ್ರ. ದಂಪತಿಗಳು ಬೇರೆ ಯಾರಿಗೂ ಎಡೆಯಿಲ್ಲದಂತೆ ಪರಸ್ಪರ ಒಟ್ಟು ಬಾಳಿಗೆ ಬದ್ಧರಾಗಿರಬೇಕು, ಸಂಬಂಧ ಪ್ರಾಮಾಣಿಕವೂ ಮುಂದುವರಿಯುತ್ತಿರುವುದೂ ಆಗಿರಬೇಕು, ಅವರು ಜೊತೆಯಲ್ಲಿ ವಾಸಿಸಬೇಕು ಅಥವಾ ಕಾಯಂ ಆಗಿ ಬೇರ್ಪಟ್ಟಿರಬಾರದು. ಈ ಕೊನೆಯ ಮಾತು ನಮ್ಮವರ ಪಾಲಿಗೆ ದೊಡ್ಡ ಆಸರೆ. ವೀಸಾ ಇಲ್ಲದ ಕಾರಣ ದೂರವಿರುವುದು ಬೇರೆ, ಬೇರ್ಪಟ್ಟಿರುವುದು ಬೇರೆ ಎಂಬುದನ್ನು ಕಾನೂನು ಒಪ್ಪುತ್ತದೆ. ಮದುವೆಯಾಗದೆ ಜೊತೆಗಿರುವವರಿಗೆ ಸಾಮಾನ್ಯವಾಗಿ ಅನ್ವಯಿಸುವ ಹನ್ನೆರಡು ತಿಂಗಳ ಸಹವಾಸದ ನಿಯಮವೂ ಮದುವೆಯಾದವರಿಗೆ ಇಲ್ಲ.

ಆದರೆ ಪುರಾವೆ? 1994ರ ವಲಸೆ ನಿಯಮಗಳು ಅಧಿಕಾರಿಯು ನಾಲ್ಕು ಕಡೆಯಿಂದ ನೋಡಬೇಕೆನ್ನುತ್ತವೆ: ಹಣಕಾಸು, ಮನೆವಾರ್ತೆ, ಸಮಾಜದಲ್ಲಿ ಅವರ ಗುರುತು, ಪರಸ್ಪರ ಬದ್ಧತೆ. ಜಂಟಿ ಆಸ್ತಿ ಇದೆಯೇ, ಸಾಲದಲ್ಲಿ ಇಬ್ಬರೂ ಪಾಲುದಾರರೇ, ದಿನದ ಖರ್ಚು ಹೇಗೆ ಹಂಚಿಕೊಳ್ಳುತ್ತಾರೆ, ಮನೆಗೆಲಸ ಹೇಗೆ ಹಂಚಿಕೊಳ್ಳುತ್ತಾರೆ ಎಂಬುದೂ ಅದರಲ್ಲಿದೆ. ಮನೆಗೆಲಸ ಹಂಚಿಕೊಳ್ಳುವ ಪ್ರಶ್ನೆಯನ್ನು ನಮ್ಮ ಊರಿನ ಗಂಡಸರಿಗೆ ಮದುವೆಗೆ ಮೊದಲೇ ಕೇಳಿದರೆ ಒಳ್ಳೆಯದಿತ್ತು, ಅದು ಬೇರೆ ಮಾತು.

ಈ ಅಳತೆಕೋಲು ರೂಪುಗೊಂಡದ್ದು ಇಬ್ಬರೇ ಒಂದು ಬಾಡಿಗೆ ಮನೆ ಹಿಡಿದು, ಇಬ್ಬರ ಹೆಸರಲ್ಲಿ ಕರಾರು ಬರೆಸಿ, ಒಂದೇ ಬ್ಯಾಂಕ್ ಖಾತೆಯಿಂದ ವಿದ್ಯುತ್ ಬಿಲ್ಲು ಕಟ್ಟುವ ಸಮಾಜದಲ್ಲಿ. ನಮ್ಮಲ್ಲಿ ಕರೆಂಟು ಬಿಲ್ಲು ಮಾವನ ಹೆಸರಲ್ಲಿ ಬರುತ್ತದೆ, ಕೆಲವೊಮ್ಮೆ ತೀರಿಹೋದ ಅಜ್ಜನ ಹೆಸರಲ್ಲಿ. ಸೊಸೆಯ ಖರ್ಚಿಗೆ ಮಗ ಕಳಿಸುವ ಹಣ ಅಮ್ಮನ ಖಾತೆಗೆ ಬೀಳುತ್ತದೆ. ಮದುವೆಗೆ ಮೊದಲು ಇಬ್ಬರೂ ಸುತ್ತಾಡಿದ ಫೋಟೋಗಳಿಲ್ಲ, ಯಾಕೆಂದರೆ ಸುತ್ತಾಡಲು ಮನೆಯವರು ಬಿಟ್ಟಿಲ್ಲ. ಎಲ್ಲರೂ ಮರ್ಯಾದೆ ಎಂದುಕೊಂಡದ್ದು ಕಡತದಲ್ಲಿ ಕೊರತೆಯಾಗಿ ಕಾಣುತ್ತದೆ. ಸಾವಿರ ಜನ ಉಂಡುಹೋದ ಮದುವೆಯಾದರೂ, ಆ ಮೇಲಿನ ಬಾಳಿನ ಬಗ್ಗೆ ತೋರಿಸಲು ಫೋನಿನಲ್ಲಿರುವ ಸಂದೇಶಗಳೇ ಗತಿ. ಅವು ಕೊಂಕಣಿಯಲ್ಲೋ ತುಳುವಿನಲ್ಲೋ ಇದ್ದರೆ ಇಂಗ್ಲಿಷಿಗೆ ಅನುವಾದವಾಗಬೇಕು. ಹೊಸ ಹೆಂಡತಿ ಗಂಡನಿಗೆ ರಾತ್ರಿ ಬರೆದದ್ದನ್ನು ಯಾರೋ ಅಪರಿಚಿತರು ಸಾಲು ಸಾಲಾಗಿ ಅನುವಾದಿಸುತ್ತಾರೆ.

ಸರಕಾರಕ್ಕೆ ಪರಿಶೀಲಿಸುವ ಹಕ್ಕಿಲ್ಲ ಎಂದು ನಾವು ಹೇಳುತ್ತಿಲ್ಲ. ಹಣ ಪಡೆದು ಮದುವೆಯ ನಾಟಕವಾಡುವವರು ಇದ್ದಾರೆ, ಅವರಿಂದ ನಿಜವಾದ ದಂಪತಿಗಳಿಗೇ ತೊಂದರೆ. ಆದರೆ ಅನುಮಾನವನ್ನು ಅಳತೆಗೆ ಮೀರಿ ಬೆಳೆಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. 1979ರ ಜನವರಿಯಲ್ಲಿ ಮದುವೆಯಾಗಲೆಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಬಂದಿಳಿದ ಭಾರತೀಯ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದ ಸುದ್ದಿ ಪತ್ರಿಕೆಯಲ್ಲಿ ಹೊರಬಿದ್ದು ಎರಡೂ ದೇಶಗಳಲ್ಲಿ ಕೋಲಾಹಲವಾಯಿತು. ಆ ಪದ್ಧತಿ ನಿಂತಿತು, ಅನುಮಾನ ನಿಲ್ಲಲಿಲ್ಲ. ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿನಲ್ಲಿ ನೆಲೆಸುವುದಲ್ಲ ಎಂದು ಅರ್ಜಿದಾರರೇ ಸಾಧಿಸಬೇಕೆಂಬ ನಿಯಮ 1980ರ ದಶಕದುದ್ದಕ್ಕೂ ಉಪಖಂಡದ ಮನೆತನದ ಮದುವೆಗಳನ್ನು ಕಾಡಿ, 1997ರ ಜೂನ್‌ನಲ್ಲಿ ರದ್ದಾಯಿತು. ಈಗ ಅಲ್ಲಿ ಹಣದ ತೂಕ ಹೆಚ್ಚು: ಕರೆಸಿಕೊಳ್ಳುವವರ ವಾರ್ಷಿಕ ಆದಾಯದ ಮಿತಿಯನ್ನು 2012ರಲ್ಲಿ 18,600 ಪೌಂಡ್ ಎಂದು ಇಟ್ಟು, 2024ರ ಏಪ್ರಿಲ್‌ನಲ್ಲಿ 29,000ಕ್ಕೆ ಏರಿಸಲಾಯಿತು. ಆಸ್ಟ್ರೇಲಿಯಾದಲ್ಲಿ ಅರ್ಜಿಯ ಶುಲ್ಕವೇ 2025ರ ಜುಲೈಯಲ್ಲಿ 9,365 ಡಾಲರ್ ಆಯಿತು. ವೀಸಾ ಸಿಗದಿದ್ದರೆ ಆ ಹಣ ಸಾಮಾನ್ಯವಾಗಿ ವಾಪಸು ಬರುವುದಿಲ್ಲ.

ಇಷ್ಟು ಹಣ ಪಣಕ್ಕಿಟ್ಟಾಗ ಭಯ ಹುಟ್ಟುತ್ತದೆ, ಭಯದಿಂದ ಸುಳ್ಳು. ಇಲ್ಲಿ ನಮ್ಮವರ ತಪ್ಪನ್ನೂ ಹೇಳಲೇಬೇಕು. ಮೊದಲ ಭೇಟಿಯ ದಿನಾಂಕವನ್ನು ಒಂದು ವರ್ಷ ಹಿಂದಕ್ಕೆ ತಳ್ಳುವುದು, ಒಂದೇ ದಿನ ಮೂರು ಸಲ ಬಟ್ಟೆ ಬದಲಿಸಿ ಮೂರು ತಿಂಗಳ ಫೋಟೋ ತೆಗೆಸುವುದು, ನಾಲ್ವರು ಸಾಕ್ಷಿಗಳ ಪತ್ರವನ್ನು ಒಬ್ಬನೇ ಬರೆಯುವುದು ನಡೆಯುತ್ತಿದೆ. ಏಜೆಂಟರೇ ಇದನ್ನು ಹೇಳಿಕೊಡುವುದೂ ಉಂಟು. ಸುಳ್ಳು ದಾಖಲೆ ಅಥವಾ ತಪ್ಪು ಮಾಹಿತಿ ಸಿಕ್ಕಿಬಿದ್ದರೆ ಅರ್ಜಿ ತಿರಸ್ಕೃತವಾಗುವುದಷ್ಟೇ ಅಲ್ಲ, ಮೂರು ವರ್ಷ ಮತ್ತೆ ವೀಸಾ ಸಿಗದಂತೆ ಆಗಬಹುದು. ಮನೆಯ ಹಿರಿಯರು ನೋಡಿ ಮಾಡಿಸಿದ ಮದುವೆ, ಎರಡು ವಾರ ಜೊತೆಗಿದ್ದೆವು, ಅನಂತರ ದಿನವೂ ಮಾತನಾಡುತ್ತಿದ್ದೇವೆ ಎಂದು ಇದ್ದದ್ದನ್ನು ಇದ್ದಂತೆ ಬರೆದರೆ ಅದು ದುರ್ಬಲ ಅರ್ಜಿಯಲ್ಲ. ಕರೆಗಳ ವಿವರ, ವಿಮಾನ ಟಿಕೆಟು, ಆಕೆಯ ಖಾತೆಗೇ ನೇರವಾಗಿ ಕಳಿಸಿದ ಹಣ, ಗಂಡನ ಮನೆಯ ವಿಳಾಸಕ್ಕೆ ಬದಲಾದ ಆಧಾರ್, ಇವುಗಳನ್ನು ಮೊದಲ ತಿಂಗಳಿನಿಂದಲೇ ಜೋಡಿಸಿಟ್ಟರೆ ಸಾಕಷ್ಟು ಭಾರ ಇಳಿಯುತ್ತದೆ. ಅತ್ತೆಯ ಖಾತೆಯನ್ನು ಬಿಟ್ಟು ಸೊಸೆಯ ಹೆಸರಲ್ಲಿ ಖಾತೆ ತೆರೆಯುವುದು ವೀಸಾಕ್ಕಾಗಿಯಾದರೂ ಆದರೆ ನಮಗೆ ಸಂತೋಷವೇ.

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ವೀಸಾ ಸಿಕ್ಕಿದ ನಂತರದ ದಿನಗಳು. ಮೊದಲು ಸಿಗುವುದು ಸಾಮಾನ್ಯವಾಗಿ ತಾತ್ಕಾಲಿಕ ವೀಸಾ. ಅರ್ಜಿ ಹಾಕಿ ಸುಮಾರು ಎರಡು ವರ್ಷವಾದ ಮೇಲೆ, ಸಂಬಂಧ ಮುಂದುವರಿದಿದೆ ಎಂದು ಮತ್ತೆ ತೋರಿಸಿದರೆ ಕಾಯಂ ವೀಸಾ. ಈ ನಡುವಿನ ಕಾಲದಲ್ಲಿ ಹೆಂಡತಿಯ ಭವಿಷ್ಯ ಗಂಡನ ಕೈಯಲ್ಲಿದೆ ಎಂಬ ಭಾವನೆ ಇಬ್ಬರಲ್ಲೂ ಬೇರೂರುತ್ತದೆ. "ನಾನು ಒಂದು ಪತ್ರ ಬರೆದರೆ ನೀನು ಊರಿಗೆ ವಾಪಸು" ಎಂಬ ಬೆದರಿಕೆಗೆ ಹೆದರಿ ಹೊಡೆತ ತಿಂದವರಿದ್ದಾರೆ. ಊರಿನ ತಾಯಂದಿರು ಕೂಡ ಎರಡು ವರ್ಷ ಹೇಗಾದರೂ ಸಹಿಸಿಕೋ ಮಗಳೇ ಎನ್ನುತ್ತಾರೆ. ಇದು ತಿಳಿಯದೆ ಕೊಡುವ ಸಲಹೆ. ಗಂಡನ ಹಿಂಸೆಯಿಂದ ಸಂಬಂಧ ಮುರಿದರೆ, ಅದನ್ನು ನ್ಯಾಯಾಲಯದ ಆದೇಶದಿಂದಲೋ ವೈದ್ಯರು, ಸಮಾಜಸೇವಕರು ಮುಂತಾದವರ ಹೇಳಿಕೆಗಳಿಂದಲೋ ತೋರಿಸಿಕೊಟ್ಟರೆ, ಸಂಬಂಧ ಮುಗಿದಿದ್ದರೂ ಕಾಯಂ ವೀಸಾ ಪಡೆಯಲು ಆಸ್ಟ್ರೇಲಿಯಾದ ನಿಯಮದಲ್ಲಿ ಅವಕಾಶವಿದೆ. ವಿಮಾನ ಹತ್ತುವ ಪ್ರತಿಯೊಬ್ಬ ಹುಡುಗಿಗೂ ಇದು ಗೊತ್ತಿರಬೇಕು. ಮದುವೆ ತಯಾರಿಯ ಶಿಬಿರಗಳಲ್ಲಿ ಇದಕ್ಕೆ ಅರ್ಧ ಗಂಟೆ ಕೊಡಲು ಅಡ್ಡಿಯಿಲ್ಲ.

ಇನ್ನು ನಮ್ಮ ಪತ್ರದ ವಿಷಯ. ಆಸ್ಟ್ರೇಲಿಯಾದ ಪೌರರು ಅಥವಾ ಕಾಯಂ ನಿವಾಸಿಗಳು ಬರೆದುಕೊಡುವ 888ನೇ ನಮೂನೆಯ ಹೇಳಿಕೆಗೆ ಊರಿನ ಗುರುಗಳ ಪತ್ರ ಬದಲಿಯಾಗದು, ಜೊತೆಗಿಡಬಹುದು ಅಷ್ಟೆ. ಆದುದರಿಂದ ಕೇಳಲು ಬಂದವರನ್ನು ನಾವು ಸ್ವಲ್ಪ ಹೊತ್ತು ಕೂರಿಸುತ್ತೇವೆ. ಮದುವೆಯ ದಿನ ಯಾರು ಬಂದಿದ್ದರು, ಗಂಡ ಹೋದ ಮೇಲೆ ಆಕೆ ಯಾರ ಮನೆಯಲ್ಲಿದ್ದಾಳೆ, ಕ್ರಿಸ್ಮಸ್ಸಿಗೆ ಆತ ಬಂದಿದ್ದನೇ ಎಂದು ಕೇಳುತ್ತೇವೆ. ನಾವು ಕಂಡದ್ದನ್ನು ಕಂಡೆವು ಎಂದೂ, ಕೇಳಿದ್ದನ್ನು ಕೇಳಿದೆವು ಎಂದೂ ಬರೆದು ಸಹಿ ಹಾಕುತ್ತೇವೆ. ಸಿದ್ಧಪಡಿಸಿದ ಪತ್ರ ತಂದು ಮೊಹರು ಮಾತ್ರ ಒತ್ತಿಕೊಡಿ ಎನ್ನುವವರು ಬೇಸರದಿಂದ ಎದ್ದು ಹೋಗುತ್ತಾರೆ. ಉಳಿದವರು ಕುಳಿತು ಹೇಳುತ್ತಾರೆ, ನಾವು ಬರೆಯುತ್ತೇವೆ.