ತೊಟ್ಟೆಯ ಲೆಕ್ಕ

ಕಳೆದ ವರ್ಷ ನಮ್ಮ ಮಹಿಳಾ ಮಂಡಲದ ವಾರ್ಷಿಕೋತ್ಸವಕ್ಕೆ ಅಧಿಕಾರಿಯೊಬ್ಬರನ್ನು ಕರೆದಿದ್ದೆವು. ವಿಷಯವನ್ನು ಅವರೇ ಸೂಚಿಸಿದ್ದು: 'ಪರಿಸರ ಸಂರಕ್ಷಣೆಯಲ್ಲಿ ಮಹಿಳೆಯರ ಪಾತ್ರ'. ಮುಕ್ಕಾಲು ಗಂಟೆ ಮಾತಾಡಿದರು. ಪೇಟೆಗೆ ಹೋಗುವಾಗ ಬಟ್ಟೆಯ ಚೀಲ ಒಯ್ಯಿರಿ, ಹಸಿ ಕಸ ಒಣ ಕಸ ಬೇರೆ ಮಾಡಿ, ಪಾತ್ರೆ ತಿಕ್ಕುವಾಗ ನಳ್ಳಿ ನಿಲ್ಲಿಸಿ, ಮಕ್ಕಳಿಗೆ ಸಣ್ಣದರಲ್ಲೇ ಕಲಿಸಿ. ಕೊನೆಗೆ, 'ಹೆಣ್ಣು ಮನಸ್ಸು ಮಾಡಿದರೆ ಆಗದ್ದು ಏನಿದೆ?' ಎಂದಾಗ ಜೋರು ಚಪ್ಪಾಳೆ. ನಾನೂ ತಟ್ಟಿದೆ. ಅವರ ಬೆನ್ನ ಹಿಂದೆ ಕಟ್ಟಿದ್ದ ಬ್ಯಾನರು ಫ್ಲೆಕ್ಸಿನದು. ಅದಕ್ಕೆ ದುಡ್ಡು ಕೊಟ್ಟದ್ದು ಮಂಡಲದ ಖಜಾಂಚಿಯಾದ ನಾನೇ.

ಆ ಫ್ಲೆಕ್ಸು ನಿಷಿದ್ಧ ವಸ್ತು ಎಂಬುದು ಅವರಿಗೆ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. 2016ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿತಲ್ಲ, ಅದನ್ನು ಓದಿದವರು ಕಡಿಮೆ. ನಾನು ಓದಿದ್ದೂ ಆ ಸಭೆಯ ನಂತರವೇ. ಅದರಲ್ಲಿ ಇರುವುದು ಕೈಚೀಲ ಒಂದೇ ಅಲ್ಲ. ಬ್ಯಾನರು, ಬಂಟಿಂಗು, ಫ್ಲೆಕ್ಸು, ಬಾವುಟ, ತಟ್ಟೆ, ಲೋಟ, ಚಮಚ, ಮೇಜಿಗೆ ಹಾಸುವ ಹಾಳೆ, ಥರ್ಮಾಕೋಲಿನ ಸಾಮಾನು, ಎಲ್ಲವೂ ಉಂಟು. ತಯಾರಿಸುವುದು, ದಾಸ್ತಾನು ಇಡುವುದು, ಸಾಗಿಸುವುದು, ಮಾರುವುದು, ಬಳಸುವುದು ಎಲ್ಲವೂ ತಪ್ಪು. ಈ ಸಾಲಿನಲ್ಲಿ ಬಳಸುವವಳು ಬರುವುದು ಕೊನೆಗೆ; ಹಿಡಿಯುವಾಗ ಮಾತ್ರ ಅವಳೇ ಮೊದಲು ಕೈಗೆ ಸಿಗುತ್ತಾಳೆ.

ನಮ್ಮ ಓಣಿಗೆ ಬುಟ್ಟಿ ಹೊತ್ತು ಬರುವ ಮೀನಿನವಳು ಒಂದು ದಿನ ಮೋರೆ ಸಣ್ಣ ಮಾಡಿಕೊಂಡು ಬಂದಳು. 'ಅಮ್ಮಾ, ಡಬ್ಬ ತನ್ನಿ. ತೊಟ್ಟೆ ಎಲ್ಲ ಹಿಡಿದುಕೊಂಡು ಹೋದರು. ದಂಡವೂ ಹಾಕಿದರು' ಎಂದಳು. ಅವತ್ತು ಬಂಗುಡೆ ಮಾರಿದ ಲಾಭ ಆ ರಶೀದಿಗೇ ಹೋಗಿತ್ತು. 'ನನ್ನ ಅಮ್ಮ ಉಪ್ಪಳಿಗೆ ಎಲೆಯಲ್ಲಿ, ಸಾಗುವಾನಿ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಈಗ ಉಪ್ಪಳಿಗೆ ಮರ ಎಲ್ಲುಂಟು ಅಮ್ಮಾ? ಮರ ಇದ್ದಲ್ಲಿ ಫ್ಲಾಟು ಉಂಟು.' ಪರಿಸರದ ಬಗ್ಗೆ ನಾನು ಕೇಳಿದ ಭಾಷಣಗಳಲ್ಲಿ ಇದೇ ಚೊಕ್ಕದ್ದು. ಅದೇ ವಾರ ಜ್ಯೋತಿಯಿಂದ ಪಂಪ್‌ವೆಲ್‌ವರೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಎಣಿಸಿದೆ. ಕೈಮುಗಿದು ನಿಂತ ನಾಯಕರ ಫ್ಲೆಕ್ಸುಗಳು ಹನ್ನೊಂದು. ಹುಟ್ಟುಹಬ್ಬದ ಶುಭಾಶಯ, ಸ್ವಾಗತ, ಅಭಿನಂದನೆ. ಒಂದೊಂದರಲ್ಲಿ ಎಷ್ಟು ನೂರು ತೊಟ್ಟೆಯ ಪ್ಲಾಸ್ಟಿಕ್ ಇದ್ದೀತು, ಲೆಕ್ಕ ಬಲ್ಲವರು ಹಾಕಲಿ.

ತೊಟ್ಟೆಯ ಪರ ವಕಾಲತ್ತಿಗೆ ನಾನು ನಿಂತಿಲ್ಲ. ಮಳೆಗಾಲದಲ್ಲಿ ಚರಂಡಿ ಕಟ್ಟಿ ಅಂಗಳಕ್ಕೆ ನೀರು ನುಗ್ಗಿದಾಗ ಗೋರಿ ತೆಗೆಯುವವಳು ನಾನೇ. ನಾನು ಕೇಳುವುದಿಷ್ಟೇ: ನನ್ನ ಅಡುಗೆಮನೆಗೆ ತೊಟ್ಟೆ ಬೇಡ ಎಂದರೂ ಉಪ್ಪು, ಬಿಸ್ಕತ್ತು, ಎಣ್ಣೆ, ಸೋಪಿನ ಪುಡಿ ಯಾವುದರಲ್ಲಿ ಬರುತ್ತದೆ? ಕಾರ್ಖಾನೆಯಲ್ಲೇ ತುಂಬಿಸಿ ಮೊಹರು ಮಾಡಿದ ಪೊಟ್ಟಣ, ಕಾನೂನಿನ ವ್ಯಾಖ್ಯೆಯಲ್ಲಿ, 'ಕೈಚೀಲ' ಆಗುವುದಿಲ್ಲವಂತೆ. ಅದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಿಸಿದವರದ್ದು ಎಂದು 2016ರ ಕೇಂದ್ರದ ನಿಯಮಗಳೇನೋ ಹೇಳುತ್ತವೆ. ಆದರೆ ಖಾಲಿ ಪೊಟ್ಟಣ ಕೇಳಿಕೊಂಡು ನಮ್ಮ ಗೇಟಿಗೆ ಯಾವ ಕಂಪೆನಿಯವರೂ ಬಂದದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಅದೆಲ್ಲ ಎಲ್ಲಿಗೆ ಹೋಗುತ್ತದೆ? ವರ್ಷಾನುಗಟ್ಟಲೆ ನಾನು ಈ ಪ್ರಶ್ನೆ ಕೇಳಿಕೊಳ್ಳಲೇ ಇಲ್ಲ. ಎರಡು ಬಕೆಟು ಇಟ್ಟೆ, ಬೇರೆ ಬೇರೆ ಮಾಡಿದೆ, ಕರ್ತವ್ಯ ಮುಗಿಯಿತು ಎಂದುಕೊಂಡೆ. ಒಂದು ಬೆಳಿಗ್ಗೆ ಗೇಟಿನಲ್ಲೇ ನಿಂತು ನೋಡಿದರೆ ಎರಡು ಬಕೆಟೂ ಒಂದೇ ಗಾಡಿಯ ಒಂದೇ ಹೊಟ್ಟೆಗೆ. 'ಅದೇನು ಹಾಗೆ?' ಎಂದರೆ ಹುಡುಗ ನಕ್ಕ. ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ. ಅವನಿಗೂ ಒಂದೇ ಗಾಡಿ ಕೊಟ್ಟಿದ್ದರು.

ಮಂಗಳೂರಿನ ಕಸವೆಲ್ಲ ಸೇರುತ್ತಿದ್ದುದು ಪಚ್ಚನಾಡಿಯ ಗುಡ್ಡೆಯಲ್ಲಿ. ಕಸ ಗುಂಡಿಗೆ ಹಾಕುವ ವಿಷಯದಲ್ಲಿ ಕಾನೂನು ಹೊಸತೇನಲ್ಲ. ಕೊಳೆಯುವ ಕಸವನ್ನು ಗೊಬ್ಬರ ಮಾಡಬೇಕು, ಕೊಳೆಯದ, ಮತ್ತೆ ಉಪಯೋಗಕ್ಕೆ ಬಾರದ ಕಸವನ್ನು ಮಾತ್ರ ನೆಲಕ್ಕೆ ತುಂಬಬೇಕು ಎಂದು 2000ದ ನಿಯಮಗಳೇ ಹೇಳಿದ್ದವು. ಆ ಮಾತು ಹೇಳಿದ್ದು ನಗರಾಡಳಿತಗಳಿಗೆ, ನೋಡಿಕೊಳ್ಳಬೇಕಾದದ್ದು ರಾಜ್ಯ ಸರಕಾರ. ಆದರೂ ಹಸಿ ಕಸ, ಒಣ ಕಸ, ಪ್ಲಾಸ್ಟಿಕ್ ಎಲ್ಲ ಒಟ್ಟಿಗೆ ಬಿದ್ದು ಬೆಟ್ಟವಾಯಿತು. 2019ರ ಆಗಸ್ಟಿನ ಮಳೆಗೆ ಆ ಬೆಟ್ಟ ಜರಿದು ಕೆಳಗಿನ ಮಂದಾರಕ್ಕೆ ಇಳಿಯಿತು. ಹೊಳೆ ಹರಿದ ಹಾಗೆ ಕಸ ಹರಿಯಿತು. ತೆಂಗು, ಅಡಿಕೆ ತೋಟ ಮುಚ್ಚಿಹೋಯಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಕಸದ ಕಪ್ಪು ರಸ ಫಲ್ಗುಣಿ ನದಿಗೆ ಸೇರಿತು.

ಆ ವರ್ಷ ದೀಪಾವಳಿ ಕಳೆದ ಮೇಲೆ ನಾನು ಅತ್ತ ಹೋಗಿದ್ದೆ. ನೆಂಟರೊಬ್ಬರ ಮೂಲಕ ಪರಿಚಯವಾದ, ತೋಟ ಕಳೆದುಕೊಂಡ ಒಬ್ಬಾಕೆ ಜೊತೆಗೆ ಬಂದರು. ಅಡಿಕೆ ಮರಗಳ ತುದಿಗಳು ಮಾತ್ರ ಕಸದ ಮೇಲೆ ಕಾಣುತ್ತಿದ್ದವು. ಅವರು ಅಳಲಿಲ್ಲ. ಕೈ ತೋರಿಸುತ್ತ ಹೋದರು: ಇಲ್ಲಿ ಬಾವಿ, ಇಲ್ಲಿ ಹಟ್ಟಿ, ಇಲ್ಲಿ ಬಸಳೆ ಚಪ್ಪರ. ಕಾಲ ಬುಡದಲ್ಲಿ ಜವಳಿ ಅಂಗಡಿಯ ತೊಟ್ಟೆಯೊಂದು ಇತ್ತು. ನಾನೂ ಅಲ್ಲೇ ಸೀರೆ ತೆಗೆಯುವವಳು. ಅವರು ನನ್ನ ಮೋರೆ ನೋಡಿ, 'ಅಕ್ಕಾ, ಇದರಲ್ಲಿ ನಿಮ್ಮ ಮನೆಯದ್ದೂ ಇದ್ದೀತು' ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ. ಈಗಲೂ ಒಮ್ಮೊಮ್ಮೆ ರಾತ್ರಿ ಬಕೆಟು ಹೊರಗಿಡುವಾಗ ಆ ಮಾತು ನೆನಪಾಗಿ ಕೈ ತಡೆಯುತ್ತದೆ.

ಇಷ್ಟಾದ ಮೇಲೂ ಹವಾಮಾನ ಬದಲಾವಣೆಯ ಕ್ರಿಯಾ ಯೋಜನೆ ಎಂದು ರಾಜ್ಯದಲ್ಲಿ ದಪ್ಪ ಪುಸ್ತಕ ಇದೆ. ಬೆಂಗಳೂರಿನ ಸರಕಾರಿ ಸಂಸ್ಥೆಯೇ ಸಿದ್ಧಪಡಿಸಿದ್ದು. ಗಾಳಿಯಾಡದೆ ಕೊಳೆಯುವ ಹಸಿ ಕಸದಿಂದ ಮೀಥೇನ್ ಅನಿಲ ಹುಟ್ಟುತ್ತದೆ, ಅದು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಎಷ್ಟೋ ಪಾಲು ಬಲಶಾಲಿ, ಬೆಂಕಿಯೂ ಬೇಗ ಹಿಡಿಯುತ್ತದೆ. ಇದು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. 2023ರ ಜನವರಿಯಲ್ಲಿ ಪಚ್ಚನಾಡಿಯ ಕಸಕ್ಕೆ ಬೆಂಕಿ ಬಿದ್ದಾಗ ಹೊಗೆ ಕುಡಿದವರು ಸುತ್ತಲಿನವರು. ಅವರಲ್ಲಿ ಯಾರೂ ನಳ್ಳಿ ನಿಲ್ಲಿಸಲು ಮರೆತವರಲ್ಲ.

ನಳ್ಳಿ ಎಂದಾಗ ನೆನಪಾಯಿತು. ಅದೇ 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ಊರಿಗೆಲ್ಲ ಸರದಿಯ ಮೇಲೆ ನೀರು ಬಿಟ್ಟರು. ಅಕ್ಕಿ ತೊಳೆದ ನೀರನ್ನು ಗಿಡಕ್ಕೆ, ಬಟ್ಟೆ ಒಗೆದ ನೀರನ್ನು ಪಾಯಿಖಾನೆಗೆ ಹಾಕಿ ದಿನ ತಳ್ಳಿದವರು ನಾವು. ಅತ್ತ ಸಕಲೇಶಪುರದ ಕಾಡಿನಲ್ಲಿ ಎತ್ತಿನಹೊಳೆಯ ಕೆಲಸ ನಡೆಯುತ್ತಲೇ ಇತ್ತು. ನಮ್ಮ ನೇತ್ರಾವತಿಗೆ ಬಂದು ಸೇರುವ ಹೊಳೆಗಳಿಂದ 24 ಟಿಎಂಸಿ ನೀರನ್ನು ಪಂಪಿನಿಂದ ಮೇಲೆತ್ತಿ ಪೂರ್ವಕ್ಕೆ ಒಯ್ಯುವ ಯೋಜನೆ ಅದು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ಕೋಲಾರ, ಚಿಕ್ಕಬಳ್ಳಾಪುರದ ಹೆಂಗಸರಿಗೆ ನೀರು ಬೇಡ ಎನ್ನುವಷ್ಟು ಕಲ್ಲು ಮನಸ್ಸು ನನ್ನದಲ್ಲ; ಕೊಡ ಹೊರುವುದು ಏನೆಂದು ನನಗೆ ಗೊತ್ತು. ಆದರೆ ಪಶ್ಚಿಮ ಘಟ್ಟದ ಕಾಡು ಕಡಿದು, ಗುಡ್ಡ ಅಗೆದು, ಸಾವಿರಾರು ಕೋಟಿ ಸುರಿಯುವವರು ನನ್ನ ನಳ್ಳಿಯ ಹನಿ ಎಣಿಸಲು ಬಂದರೆ ಸಿಟ್ಟು ಬಾರದೆ ಇರುತ್ತದೆಯೇ?

ನನಗೆ ಅನಿಸುವುದು ಇದು. ಸರಕಾರಕ್ಕೆ ಹೆಂಗಸರ ಮೇಲೆ ಇರುವ ಈ ಭರವಸೆ ಗೌರವದಿಂದ ಹುಟ್ಟಿದ್ದಲ್ಲ, ಅನುಕೂಲದಿಂದ ಹುಟ್ಟಿದ್ದು. ನಾವು ಎದುರು ಮಾತಾಡುವುದಿಲ್ಲ. ಸಂಬಳ ಕೇಳುವುದಿಲ್ಲ. ತಪ್ಪು ನಮ್ಮದೇ ಇರಬೇಕು ಎಂದು ಬೇಗ ನಂಬುತ್ತೇವೆ; ಚಿಕ್ಕಂದಿನಿಂದ ಅದೇ ಅಭ್ಯಾಸ. ಕಾರ್ಖಾನೆಯ ಗೇಟಿಗೆ ಹೋಗಿ ಕೇಳುವುದಕ್ಕಿಂತ ಅಡುಗೆಮನೆಯ ಬಾಗಿಲಿಗೆ ಬಂದು ಹೇಳುವುದು ಸುಲಭ.

ಈ ವರ್ಷದ ವಾರ್ಷಿಕೋತ್ಸವಕ್ಕೆ ಅದೇ ವಿಷಯ ಇಟ್ಟುಕೊಳ್ಳೋಣ ಎಂದು ಅಧ್ಯಕ್ಷೆ ಹೇಳಿದಾಗ ನಾನು ಎದ್ದು ನಿಂತೆ. ಬ್ಯಾನರಿಗೆ ದುಡ್ಡು ಕೊಡುವುದಿಲ್ಲ ಎಂದೆ. ಬೇಕಿದ್ದರೆ ಹಳೆಯ ಸೀರೆಯ ಮೇಲೆ ಬಣ್ಣದಲ್ಲಿ ಬರೆಯೋಣ. ಸಭೆಯನ್ನು ಸಭಾಭವನದಲ್ಲಿ ಬೇಡ, ಮಂದಾರದಲ್ಲಿ ಇಟ್ಟುಕೊಳ್ಳೋಣ. ಅಧಿಕಾರಿಗಳು ಅಲ್ಲಿಗೇ ಬರಲಿ. 'ಪರಿಸರ ಸಂರಕ್ಷಣೆಯಲ್ಲಿ ಸರಕಾರದ ಪಾತ್ರ' ಎಂಬ ವಿಷಯದ ಮೇಲೆ ಮಾತಾಡಲಿ, ಮುಕ್ಕಾಲು ಗಂಟೆ ಅಲ್ಲ, ಬೇಕಿದ್ದರೆ ಎರಡು ಗಂಟೆ. ಕೆಲವರು ನಕ್ಕರು, ಇಬ್ಬರು ಗೊಣಗಿದರು. ಕಡೆಗೆ ಪತ್ರ ಬರೆದು ಹತ್ತೊಂಬತ್ತು ಮಂದಿ ಸಹಿ ಹಾಕಿದೆವು. ಮೀನಿನವಳೂ ತನ್ನ ಹೆಸರು ಬರೆದಳು, ಕೈ ಒರಸಿಕೊಂಡು.

ಪತ್ರ ಹೋಗಿ ಎರಡು ತಿಂಗಳಾಯಿತು. ಉತ್ತರ ಬಂದಿಲ್ಲ. ಮೊನ್ನೆ ಇನ್ನೊಂದು ಬರೆದು ಅಂಚೆಯಲ್ಲಿ ಹಾಕಿ ಬಂದೆ.